ಗಟ್ಟಿ ತಲೆಯ ಪಾಸ್ಟರಿಗೆ ಮೆತ್ತನೆಯ ಹಾರ

ಸೋಮವಾರ ಸಂಜೆ ನಮ್ಮ ಅಣ್ಣನ ಮಗನನ್ನು ಕರೆತರಲು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಧಾರವಾಡ ಬಿಟ್ಟು ಮೊದಲ ಸಲ ಇಷ್ಟು ದೂರ ಬಂದ ಹುಡುಗ. ಚಟ್ನಿಪುಡಿಯ ವಾಸನೆ ಹೊಡೆಯುತ್ತಿದ್ದ ಎರಡು ಸೂಟ್‌ಕೇಸುಗಳನ್ನು ಕಾರಿಗೆ ತುರುಕಿ ಹೊರಟಾಗ, ಅವನು ನಿಲ್ದಾಣದ ಫಲಕವನ್ನು ಓದಿ, "ಕಾಕಾ, ಶಟಲ್ಸ್‌ವರ್ತ್ ಅಂದ್ರ ಇಲ್ಲಿ ಶಟಲ್ ಬಸ್ಸಿನ ಕಂಪನೀನ?" ಎಂದು ಕೇಳಿದ. ನಕ್ಕುಬಿಟ್ಟೆ. ಅವನ ಮೇಲೆ ಸಿಟ್ಟು ಬರಲಿಲ್ಲ, ಏಕೆಂದರೆ ಇದೇ ನಿಲ್ದಾಣದಲ್ಲಿ ನಾಲ್ಕು ವರ್ಷ ಹತ್ತಿ ಇಳಿದ ಮೇಲೆಯೇ ಆ ಹೆಸರು ಯಾರದೆಂದು ವಿಚಾರಿಸಿದವನು ನಾನು.

ಸಿಟ್ಟು ಬಂದದ್ದು ಅದೇ ದಿನ ಮಧ್ಯಾಹ್ನ, ಕಚೇರಿಯಲ್ಲಿ. ಜನವರಿಯ ಮೂರನೆಯ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. ಕೇಕು ಬಂತು, ಪರದೆಯ ಮೇಲೆ ಕನಸಿನ ಆ ಒಂದು ವಾಕ್ಯ ಬಂತು, ನಂತರ ಭಾಷಣಕಾರರು ಎದ್ದು ನಿಂತು, ಕಿಂಗ್ ಮತ್ತು ಅವರ ಜೊತೆಗಾರರಾದ ಪಾಸ್ಟರುಗಳು ಯಾರ ಮನಸ್ಸನ್ನೂ ನೋಯಿಸದೆ, ತಾಳ್ಮೆಯಿಂದ, ಎಲ್ಲರನ್ನೂ ಒಪ್ಪಿಸಿಕೊಂಡು ಬದಲಾವಣೆ ತಂದರೆಂದು ಹೇಳಿದರು. ಯಾರ ಮನಸ್ಸನ್ನೂ ನೋಯಿಸದೆಯಂತೆ! 1966ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 63ರಷ್ಟು ಅಮೆರಿಕನ್ನರು ಕಿಂಗ್ ಅವರ ಬಗ್ಗೆ ತಮಗೆ ಒಳ್ಳೆಯ ಅಭಿಪ್ರಾಯವಿಲ್ಲವೆಂದು ಹೇಳಿದ್ದರು. ಅಷ್ಟು ಮಂದಿಯ ನಿದ್ದೆ ಕೆಡಿಸಿದ ಮನುಷ್ಯನನ್ನು ಈಗ ಜೋಗುಳದ ಹಾಗೆ ಹಾಡುತ್ತಾರೆ. ಅಲಬಾಮಾ ರಾಜ್ಯ ಸರ್ಕಾರವಂತೂ ಇದೇ ದಿನ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ಪಡೆಯ ಸೇನಾಪತಿ ರಾಬರ್ಟ್ ಲೀ ಅವರ ಜಯಂತಿಯನ್ನೂ ಸೇರಿಸಿ ಒಂದೇ ರಜೆಯಲ್ಲಿ ಮುಗಿಸುತ್ತದೆ.

ಇರಲಿ, ಹುಡುಗನ ಪ್ರಶ್ನೆಗೆ ಬರುತ್ತೇನೆ. ದಾರಿಯುದ್ದಕ್ಕೂ ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ.

ಫ್ರೆಡ್ ಶಟಲ್ಸ್‌ವರ್ತ್ ಹುಟ್ಟಿದ್ದು 1922ರಲ್ಲಿ, ಅಲಬಾಮಾದ ಮೌಂಟ್ ಮೇಗ್ಸ್ ಎಂಬಲ್ಲಿ. ಲಾರಿ ಓಡಿಸಿ, ಕೂಲಿ ಮಾಡಿ, ಆಮೇಲೆ ಓದಿ, 1953ರಲ್ಲಿ ಬರ್ಮಿಂಗ್‌ಹ್ಯಾಮಿನ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಆದರು. 1956ರ ಜೂನಿನಲ್ಲಿ ರಾಜ್ಯ ಸರ್ಕಾರವು ಕಪ್ಪುಜನರ ಹಕ್ಕುಗಳ ದೊಡ್ಡ ಸಂಘವಾದ ಎನ್‌ಎಎಸಿಪಿಯ ಕೆಲಸವನ್ನೇ ಅಲಬಾಮಾದಲ್ಲಿ ನಿರ್ಬಂಧಿಸಿದಾಗ, ಈ ಮನುಷ್ಯ ಕೆಲವೇ ದಿನಗಳಲ್ಲಿ ಬೇರೆ ಹೆಸರಿನ ಇನ್ನೊಂದು ಸಂಘವನ್ನು ಕಟ್ಟಿ ನಿಲ್ಲಿಸಿದರು. ಅದೇ ವರ್ಷದ ಕ್ರಿಸ್‌ಮಸ್ ರಾತ್ರಿ ಅವರ ಮನೆಗೆ ಡೈನಮೈಟ್ ಇಟ್ಟರು. ಮಲಗಿದ್ದ ಮಂಚದ ಕೆಳಗಿನ ನೆಲವೇ ಸೀಳಿಹೋಯಿತು, ಮನೆ ಕುಸಿಯಿತು, ಆ ಅವಶೇಷದೊಳಗಿಂದ ಶಟಲ್ಸ್‌ವರ್ತ್ ನಡೆದುಕೊಂಡು ಹೊರಗೆ ಬಂದರು. ನಿಮ್ಮ ಜಾಗದಲ್ಲಿ ನಾನಿದ್ದರೆ ಆದಷ್ಟು ಬೇಗ ಊರು ಬಿಡುತ್ತಿದ್ದೆ ಎಂದು ಅಲ್ಲಿದ್ದ ಪೊಲೀಸನೊಬ್ಬ ಹಿತವಚನ ಹೇಳಿದ. ಕ್ಲಾನಿನ (ಕಪ್ಪುಜನರನ್ನು ಹೆದರಿಸುತ್ತಿದ್ದ ಬಿಳಿಯರ ಗುಪ್ತ ಸಂಘ) ನಿನ್ನ ಬಂಧುಗಳಿಗೆ ಹೋಗಿ ಹೇಳು, ಓಡಿಹೋಗಲೆಂದು ದೇವರು ನನ್ನನ್ನು ಉಳಿಸಿಲ್ಲ ಎಂಬುದು ಇವರ ಉತ್ತರ. ಮರುದಿನ ಬಸ್ಸಿನಲ್ಲಿ ಬಿಳಿಯರಿಗೆಂದು ಮೀಸಲಿಟ್ಟ ಸೀಟುಗಳಲ್ಲಿ ಕೂರುವ ಕಾರ್ಯಕ್ರಮವಿತ್ತು, ಅದನ್ನು ಮುಂದೂಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಜನರ ಬಂಧನವಾಯಿತು.

1957ರ ಸೆಪ್ಟೆಂಬರ್ 9ರಂದು ಇಬ್ಬರು ಹೆಣ್ಣುಮಕ್ಕಳನ್ನು ಬಿಳಿಯರ ಫಿಲಿಪ್ಸ್ ಹೈಸ್ಕೂಲಿಗೆ ಸೇರಿಸಲು ಕಾರಿನಲ್ಲಿ ಕರೆದೊಯ್ದರು. ಕಾದಿದ್ದ ಗುಂಪು ಸರಪಳಿಗಳಿಂದ ಅವರನ್ನು ಬಡಿಯಿತು, ಹೆಂಡತಿ ರೂಬಿಯವರ ಸೊಂಟದ ಬಳಿ ಚಾಕು ಹಾಕಿತು, ಮಗಳೊಬ್ಬಳ ಕಾಲು ಕಾರಿನ ಬಾಗಿಲಿಗೆ ಸಿಕ್ಕಿತು. ಇಷ್ಟು ಏಟು ತಿಂದರೂ ತಲೆಬುರುಡೆಗೆ ಏನೂ ಆಗಿಲ್ಲವಲ್ಲ ಎಂದು ಡಾಕ್ಟರು ಬೆರಗಾದಾಗ, "ನಾನಿರುವುದು ಗಟ್ಟಿ ಊರೆಂದು ದೇವರಿಗೆ ಗೊತ್ತಿತ್ತು, ಅದಕ್ಕೇ ಗಟ್ಟಿ ತಲೆ ಕೊಟ್ಟ" ಎಂದರಂತೆ. ನಮ್ಮ ಕಡೆ ಇಂಥವರನ್ನು ಜಗಮೊಂಡ ಎನ್ನುತ್ತೇವೆ. ಅದು ಬೈಗುಳವೂ ಹೌದು, ಒಳಗೊಳಗೇ ಮೆಚ್ಚುಗೆಯೂ ಹೌದು.

ಈ ಮೊಂಡುತನವನ್ನು ತೆಗೆದುಹಾಕಿದರೆ ಶಟಲ್ಸ್‌ವರ್ತ್ ಅವರಲ್ಲಿ ಉಳಿಯುವುದು ವಿಮಾನ ನಿಲ್ದಾಣದ ಫಲಕ ಮಾತ್ರ. ನನ್ನ ತಕರಾರು ಇಷ್ಟೇ: ಜಗಳವಾಡಿದವರನ್ನು ನಾವು ಅವರ ಜಗಳವನ್ನು ಕಳೆದು ಗೌರವಿಸುತ್ತೇವೆ.

1963ರ ಮಾತನ್ನೇ ತೆಗೆದುಕೊಳ್ಳಿ. ಕಿಂಗ್ ಅವರನ್ನು ಬರ್ಮಿಂಗ್‌ಹ್ಯಾಮಿಗೆ ಬರಬೇಕೆಂದು ಪಟ್ಟು ಹಿಡಿದು ಕರೆಸಿದವರು ಶಟಲ್ಸ್‌ವರ್ತ್. ಅಷ್ಟರಲ್ಲಿ ಅವರು ಸಿನ್ಸಿನಾಟಿಯ ಚರ್ಚೊಂದಕ್ಕೆ ಪಾಸ್ಟರಾಗಿ ಹೋಗಿದ್ದರೂ ವರ್ಣಭೇದದ ವಿರುದ್ಧ ಹಳೆಯ ಊರಿನಲ್ಲಿ ನಡೆಯುತ್ತಿದ್ದ ಹೋರಾಟವನ್ನು ಬಿಟ್ಟಿರಲಿಲ್ಲ. ಮೇ ತಿಂಗಳಲ್ಲಿ ಅಗ್ನಿಶಾಮಕ ದಳದ ನೀರಿನ ಹೊಡೆತ ಅವರನ್ನು ಚರ್ಚಿನ ಗೋಡೆಗೆ ಅಪ್ಪಳಿಸಿ ಆಸ್ಪತ್ರೆಗೆ ಕಳಿಸಿತು. ಪೊಲೀಸ್ ಆಡಳಿತದ ಮೇಲಿದ್ದ ಬುಲ್ ಕಾನರ್, ಆ ದೃಶ್ಯಕ್ಕಾಗಿ ಒಂದು ವಾರ ಕಾದಿದ್ದೆ, ನೋಡಲು ತಪ್ಪಿಹೋಯಿತು, ಆಂಬುಲೆನ್ಸ್ ಬದಲು ಹೆಣದ ಗಾಡಿಯಲ್ಲಿ ಒಯ್ದಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತನ್ನು ಪತ್ರಕರ್ತರ ಎದುರಿಗೇ ಆಡಿದ. ಆಸ್ಪತ್ರೆಯಿಂದ ಎದ್ದು ಬಂದ ಶಟಲ್ಸ್‌ವರ್ತ್ ಅವರಿಗೆ ಕೇಳಿಬಂದದ್ದು, ಮಾತುಕತೆಗಾಗಿ, ಶಾಲೆಯ ಮಕ್ಕಳೂ ಸೇರಿದ್ದ ಮೆರವಣಿಗೆಗಳನ್ನು ನಿಲ್ಲಿಸಲು ಕಿಂಗ್ ಒಪ್ಪಿದ್ದಾರೆಂಬ ಸುದ್ದಿ. ಕೇಂದ್ರ ಸರ್ಕಾರದ ಅಧಿಕಾರಿಗಳ ಎದುರಿಗೇ ಅವರು ಕಿಂಗ್ ಅವರ ಮೇಲೆ ರೇಗಿದರು, ಗೆಲ್ಲುವವರೆಗೆ ನಿಲ್ಲಿಸುವುದಿಲ್ಲವೆಂದು ಜನರಿಗೆ ಮಾತು ಕೊಟ್ಟಿದ್ದೇವೆ, ನೀವು ನಿಲ್ಲಿಸಿದರೆ ನಾನೇ ಮಕ್ಕಳನ್ನು ಮತ್ತೆ ಬೀದಿಗೆ ಕರೆದೊಯ್ಯುತ್ತೇನೆ ಎಂದರು. ಕೊನೆಗೆ ಮೇ 10ರಂದು ಒಪ್ಪಂದ ಪ್ರಕಟವಾದಾಗ ಪತ್ರಕರ್ತರ ಮುಂದೆ ಕಿಂಗ್ ಪಕ್ಕದಲ್ಲಿ ಕುಳಿತವರೂ ಇವರೇ. ಈ ಕೂಗಾಟ ಯಾವ ಕಚೇರಿಯ ಕೇಕಿನ ಪಕ್ಕದಲ್ಲೂ ಬರುವುದಿಲ್ಲ. ಬಂದರೆ ಕಿಂಗ್ ಅವರೂ ಸಣ್ಣವರಾಗುತ್ತಿರಲಿಲ್ಲ, ಮನುಷ್ಯರಾಗುತ್ತಿದ್ದರು.

ಸಾರ್ವಜನಿಕ ನೆನಪಿಗೆ ಒಂದು ಮುಖ, ಒಂದು ವಾಕ್ಯ ಸಾಕು, ಮಕ್ಕಳಿಗೆ ಒಳಜಗಳಗಳನ್ನೆಲ್ಲ ಹೇಳಿ ಗೊಂದಲಗೊಳಿಸುವುದೇಕೆ ಎಂದು ಗೆಳೆಯರೊಬ್ಬರು ಫೋನಿನಲ್ಲಿ ವಾದಿಸಿದರು. ಮಕ್ಕಳ ಹೆಸರು ಹೇಳಿ ದೊಡ್ಡವರು ತಮಗೆ ಬೇಡವಾದದ್ದನ್ನು ಬಚ್ಚಿಡುವುದು ಹಳೆಯ ಚಾಳಿ. ಬರ್ಮಿಂಗ್‌ಹ್ಯಾಮಿನ ಬೀದಿಗಿಳಿದು ಜೈಲಿಗೆ ಹೋದವರಲ್ಲಿ ಶಾಲೆಯ ಮಕ್ಕಳೇ ಸಾವಿರಕ್ಕೂ ಮಿಕ್ಕಿದ್ದರು, ಅವರಿಗೇನೂ ಗೊಂದಲವಾಗಿರಲಿಲ್ಲ.

ಶಟಲ್ಸ್‌ವರ್ತ್ ಸಂತರೇನೂ ಆಗಿರಲಿಲ್ಲ. ಸಿನ್ಸಿನಾಟಿಯ ಚರ್ಚಿನ ಸದಸ್ಯರೇ ಇವರದು ಸರ್ವಾಧಿಕಾರವೆಂದು ತಿರುಗಿಬಿದ್ದರು, 1966ರಲ್ಲಿ ಇವರು ಹೊರನಡೆದು ಬೇರೆ ಚರ್ಚು ಕಟ್ಟಿದರು. ಅಂಥವರ ಜೊತೆ ಒಂದು ಸಮಿತಿಯಲ್ಲಿ ಮೂರು ತಿಂಗಳು ಕಳೆಯುವುದು ನನ್ನಿಂದ ಆಗುತ್ತಿರಲಿಲ್ಲವೇನೋ.

ಇಷ್ಟೆಲ್ಲ ಬರೆಯಲು ನನಗೇನು ಯೋಗ್ಯತೆ ಎಂಬ ಪ್ರಶ್ನೆ ನನಗೂ ಇದೆ. 1957ರ ಮಾರ್ಚಿನಲ್ಲಿ ಶಟಲ್ಸ್‌ವರ್ತ್ ದಂಪತಿ ಇದೇ ಊರಿನ ರೈಲು ನಿಲ್ದಾಣದಲ್ಲಿ ಬಿಳಿಯರ ವಿಶ್ರಾಂತಿ ಕೊಠಡಿಯ ಬೆಂಚಿನ ಮೇಲೆ ಹೋಗಿ ಕುಳಿತಿದ್ದರು. ಹೋದ ವರ್ಷ, ನಾವು ಬಾಡಿಗೆಗೆ ಕೊಟ್ಟಿರುವ ಬೆಂಗಳೂರಿನ ಫ್ಲ್ಯಾಟಿನ ವಾಟ್ಸಾಪ್ ಗುಂಪಿನಲ್ಲಿ, ಮನೆಕೆಲಸದವರು ಹಿಂದಿನ ಲಿಫ್ಟನ್ನೇ ಬಳಸಬೇಕೆಂಬ ಸೂಚನೆ ಬಂದಾಗ, ಊಟದ ತಟ್ಟೆಯ ಮುಂದೆ ಕುಳಿತಿದ್ದ ನಾನು ಎಡಗೈಯಿಂದ ಒಂದು ಹೆಬ್ಬೆರಳು ಒತ್ತಿ ಸಾರು ಕಲಸಿಕೊಂಡೆ. ಯಾರ ಮನಸ್ಸನ್ನೂ ನೋಯಿಸಲಿಲ್ಲ. ಕಚೇರಿಯ ಭಾಷಣಕಾರರು ಬಣ್ಣಿಸಿದ ಆ ಸಾಧು ಪಾಸ್ಟರು ನನ್ನಂಥವನೇ ಇರಬೇಕು.

1946ರಿಂದ ಭಾರತೀಯರಿಗೆ ಈ ದೇಶದಲ್ಲಿ ನೆಲೆಸಲು ಇದ್ದ ಮಿತಿ ವರ್ಷಕ್ಕೆ ಸುಮಾರು 100 ಜನ. ಆ ಬಾಗಿಲು ಅಗಲವಾದದ್ದು 1965ರ ವಲಸೆ ಕಾನೂನಿನಿಂದ. 1964ರ ನಾಗರಿಕ ಹಕ್ಕುಗಳ ಕಾನೂನನ್ನು ಸಾಧ್ಯವಾಗಿಸಿದ ಬೀದಿ ಹೋರಾಟವಿಲ್ಲದೆ ಅದನ್ನು ಊಹಿಸುವುದು ಕಷ್ಟ. ನಮ್ಮ ಕನ್ನಡ ಸಂಘಗಳ ಯುಗಾದಿ ಊಟದಲ್ಲೂ ಆ ಋಣ ಇದೆ.

ಶಟಲ್ಸ್‌ವರ್ತ್ 2011ರ ಅಕ್ಟೋಬರ್ 5ರಂದು ಬರ್ಮಿಂಗ್‌ಹ್ಯಾಮಿನಲ್ಲಿಯೇ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲೇ ನಿಲ್ದಾಣಕ್ಕೆ ಅವರ ಹೆಸರಿಟ್ಟಾಗಿತ್ತು. ಕತೆ ಕೇಳುತ್ತ ಕಿಟಕಿಗೆ ತಲೆಯಾನಿಸಿದ್ದ ಹುಡುಗ ಮಲಗಿದನೆಂದೇ ಅಂದುಕೊಂಡಿದ್ದೆ; ಮನೆ ಮುಟ್ಟುವ ಹೊತ್ತಿಗೆ, "ಕಾಕಾ, ಆ ಪೊಲೀಸಪ್ಪಗ ಮುಂದ ಏನ್ ಆತು?" ಎಂದು ಕೇಳಿದ. ಶನಿವಾರ ಅವನನ್ನು ಬೆತೆಲ್ ಚರ್ಚಿನ ಹಳೆಯ ಕಟ್ಟಡಕ್ಕೆ ಕರೆದೊಯ್ಯುತ್ತಿದ್ದೇನೆ. ಕಾರಿನಲ್ಲಿ ಇನ್ನೂ ಇಬ್ಬರಿಗೆ ಜಾಗವಿದೆ, ಬರುವವರು ಹೇಳಿ.