ಕೆಂಪು ರೈಲು ಎರಡು ಕಡಿಮೆ

ಜನವರಿಯಲ್ಲಿ ಊರಿಗೆ ಹೋಗಿದ್ದೆ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ಕಾಫಿ ಕೊಯ್ಲಿನ ಸಮಯ, ಕಣದ ತುಂಬ ಹಣ್ಣು ಹರಡಿತ್ತು. ರಾತ್ರಿ ಊಟ ಆದ ಮೇಲೆ ಸೂಟ್‌ಕೇಸ್ ತೆಗೆದು ಎಲ್ಲರಿಗೂ ತಂದದ್ದನ್ನು ಕೊಡುತ್ತಾ ಬಂದೆ. ಅಕ್ಕನ ಮಗನಿಗೆ 11 ವರ್ಷ. ಅವನಿಗೆ ಟಿಕೆಟ್ ಟು ರೈಡ್ ಅನ್ನೋ, ರೈಲು ದಾರಿ ಕಟ್ಟುವ ಬೋರ್ಡ್ ಗೇಮ್ ತಂದಿದ್ದೆ. ರೈಲು ಹಳಿಯೇ ಇಲ್ಲದ ಜಿಲ್ಲೆಯ ಹುಡುಗ, ರೈಲು ಅಂದರೆ ಅವನಿಗೆ ಪ್ರಾಣ.

ಡಬ್ಬದ ಮೂಲೆಯಲ್ಲಿ ಒಂದು ಚೀಟಿ ಅಂಟಿತ್ತು. ಅದನ್ನು ಮೊದಲು ನೋಡಿದ್ದು ಅಕ್ಕ.

‘ಇದು ಸೆಕೆಂಡ್ ಹ್ಯಾಂಡಾ?’

ಹೌದು ಅಂದೆ. ತುಂಬ ಚೆನ್ನಾಗಿದೆ, ಎಲ್ಲಾ ಎಣಿಸಿ ನೋಡಿಯೇ ತಂದದ್ದು ಅಂದೆ.

‘ಅಷ್ಟು ದೂರದಿಂದ ಯಾರೋ ಆಡಿ ಬಿಟ್ಟದ್ದನ್ನ ಹೊತ್ಕೊಂಡು ಬಂದ್ಯಾ?’

ಭಾವ ಏನೂ ಹೇಳಲಿಲ್ಲ, ಟಿವಿ ಕಡೆ ತಿರುಗಿದರು. ಅಮ್ಮ ಆಮೇಲೆ ಅಡುಗೆ ಮನೆಯಲ್ಲಿ ಮೆಲ್ಲಗೆ ಅಂದಳು, ‘ಹಳೇದು ಅಂತ ಬೇರೆ ಯಾರ ಹತ್ರಾನೂ ಹೇಳ್ಬೇಡ.’ ಆ ಮಾತು ನನಗೆ ಚುಚ್ಚಿತು. ಆ ನೋವು ಇವತ್ತಿಗೂ ಹೋಗಿಲ್ಲ.

ಯಾಕೆ ಅಂದರೆ ಆ ಚೀಟಿಯಿಂದಲೇ ನಾನು ಆ ಆಟ ಕೊಂಡದ್ದು.

ನಾನು ಇರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಹೊರಗಿನವರಿಗೆ ಈ ಊರು ಅಂದರೆ ರಾಬಿನ್ ಹುಡ್. ಆಟದ ಹುಚ್ಚು ಇರುವವರಿಗೆ ಇದು ವಾರ್‌ಹ್ಯಾಮರ್ ಅನ್ನೋ ಪುಟ್ಟ ಗೊಂಬೆಗಳ ಯುದ್ಧದ ಆಟದ ಊರು, ಅದನ್ನು ಮಾಡುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಮುಖ್ಯ ಕಚೇರಿ ಇಲ್ಲೇ ಇದೆ. ನಮ್ಮ ಮನೆಯಿಂದ ಹದಿನೈದು ನಿಮಿಷ ನಡೆದರೆ ಒಂದು ಆಟದ ಅಂಗಡಿ. ಮುಂದೆ ಹೊಸ ಡಬ್ಬಗಳು, ಮಧ್ಯದಲ್ಲಿ ಕೂತು ಆಡಲು ಮೇಜುಗಳು, ಹಿಂದಿನ ಗೋಡೆಗೆ ಹಳೆಯ ಆಟಗಳ ಕಪಾಟು. ನನ್ನ ಶನಿವಾರಗಳು ಕಳೆಯುವುದು ಆ ಕಪಾಟಿನ ಮುಂದೆ.

ಮಾರುವವರು ಚೀಲ ತುಂಬಿಕೊಂಡು ಬರುತ್ತಾರೆ. ಕೌಂಟರಿನವನು ಒಂದೊಂದೇ ಡಬ್ಬ ಬಿಚ್ಚುತ್ತಾನೆ. ರೂಲ್ ಪುಸ್ತಕದಲ್ಲಿ ಏನೇನು ಎಷ್ಟೆಷ್ಟು ಇರಬೇಕು ಅಂತ ಪಟ್ಟಿ ಇರುತ್ತದೆ. ಅದನ್ನು ಪಕ್ಕದಲ್ಲಿಟ್ಟು ಎಣಿಸುತ್ತಾನೆ. ಕಾರ್ಕಸಾನ್ ಅನ್ನೋ ಆಟ ಆದರೆ 72 ಚೌಕ, ಹತ್ತತ್ತರ ಗುಡ್ಡೆ ಮಾಡಿ. ಕಾರ್ಡುಗಳ ಅಂಚು ಸವೆದಿದೆಯಾ, ಡಬ್ಬದ ಮೂಲೆ ಒಡೆದಿದೆಯಾ ನೋಡುತ್ತಾನೆ. ಮೂಸಿ ನೋಡುತ್ತಾನೆ. ಸಿಗರೇಟು ಹೊಗೆ, ಬೂಷ್ಟಿನ ವಾಸನೆ ಕಾರ್ಡಿಗೆ ಹಿಡಿದರೆ ಬಿಡುವುದಿಲ್ಲ. ಇಷ್ಟು ಆದ ಮೇಲೆ ಎರಡು ಬೆಲೆ ಹೇಳುತ್ತಾನೆ. ಕೈಗೆ ದುಡ್ಡು ಬೇಕಾದರೆ ಒಂದು. ಅದೇ ಅಂಗಡಿಯಲ್ಲಿ ಬೇರೆ ಆಟ ಕೊಳ್ಳಲು ಆ ದುಡ್ಡನ್ನು ಲೆಕ್ಕದಲ್ಲಿ ಬರೆದಿಟ್ಟುಕೊಂಡರೆ ಇನ್ನೊಂದು. ಎರಡನೆಯದು ಯಾವಾಗಲೂ ಜಾಸ್ತಿ. ಕಟಾನ್ ಅನ್ನೋ ಆಟ ತಂದರೆ ಬೇಡ ಅಂತಲೇ ಹೇಳುತ್ತಾನೆ. 1995ರಿಂದ ಮಾರಿ ಮಾರಿ ಅದು ಎಲ್ಲರ ಮನೆಯಲ್ಲೂ ಇದೆ. ಈಗ ಅಚ್ಚಾಗದ ಆಟ ಬಂದರೆ ಕಣ್ಣು ಅರಳುತ್ತದೆ.

ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾರುವವರೇ ಮೊದಲು ಬಾಯಿ ಬಿಟ್ಟು ಹೇಳುತ್ತಾರೆ, ಇದರಲ್ಲಿ ಒಂದು ದಾಳ ಹೋಗಿದೆ, ನಾಯಿ ಕಚ್ಚಿದ ಕಾರ್ಡು ಒಂದಿದೆ ಅಂತ. ಹೇಳಿದರೆ ಬೆಲೆ ಇಳಿಯುತ್ತದೆ, ಮರ್ಯಾದೆ ಇಳಿಯುವುದಿಲ್ಲ.

ನಾನು ತಂದ ಡಬ್ಬದ ಚೀಟಿಯಲ್ಲಿ ಹೀಗೆ ಬರೆದಿತ್ತು: ‘ಕೆಂಪು ರೈಲು 2 ಕಡಿಮೆ. ಆಟಕ್ಕೆ ತೊಂದರೆ ಇಲ್ಲ.’ ಆ ಆಟದಲ್ಲಿ ಐದು ಬಣ್ಣದ ಪ್ಲಾಸ್ಟಿಕ್ ರೈಲು, ಒಟ್ಟು 240. ಒಬ್ಬರಿಗೆ ಬೇಕಾದದ್ದು 45. ಅಂದರೆ ಬಣ್ಣಕ್ಕೆ ಮೂರು ಹೆಚ್ಚುವರಿ. ಕೆಂಪು 46 ಇತ್ತು. ಅದನ್ನೂ ಯಾರೋ ಕೂತು ಎಣಿಸಿ, ಬರೆದು, ಅಂಟಿಸಿದ್ದರು. ಹೊಸದಕ್ಕೆ ಹೆಚ್ಚುಕಡಿಮೆ 40 ಪೌಂಡ್. ನಾನು ಕೊಟ್ಟದ್ದು 18. ಮುಚ್ಚಳದ ಒಳಗೆ ಹಿಂದಿನ ಮನೆಯವರು ಪೆನ್ಸಿಲ್‌ನಲ್ಲಿ ಯಾವ ದಿನ ಯಾರು ಗೆದ್ದರು ಅಂತ ಬರೆದಿಟ್ಟಿದ್ದರು. ಅದನ್ನು ನೋಡಿಯೇ ನನಗೆ ಇನ್ನೂ ಇಷ್ಟ ಆಯಿತು. ಒಂದು ಮನೆ ಚೆನ್ನಾಗಿ ಆಡಿದ ಆಟ ಅದು.

ನಮ್ಮಲ್ಲಿ ಇದು ಗೊತ್ತಿಲ್ಲ ಅಂತಲ್ಲ. ಮಾರನೇ ದಿನವೇ ಭಾವನ ಜೊತೆ ಕಾಫಿ ಕೊಡಲು ಹೋಗಿದ್ದೆ. ವ್ಯಾಪಾರಿ ಏನು ಮಾಡಿದರು? ಒಂದೊಂದು ಚೀಲದಿಂದ ಒಂದೊಂದು ಹಿಡಿ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ತೆಗೆದು ಬೆರೆಸಿದರು. ತೇವ ನೋಡುವ ಮೀಟರ್‌ಗೆ ಹಾಕಿದರು. ತೂಗಿ, ಸಣ್ಣ ಮಿಷನ್‌ನಲ್ಲಿ ಸಿಪ್ಪೆ ತೆಗೆದು, ಬೀಜ ತೂಗಿದರು. ಓಟಿ (ಔಟ್ ಟರ್ನ್) 26 ಅಂದರು. 50 ಕೆಜಿ ಚೀಲದಲ್ಲಿ 26 ಕೆಜಿ ಬೀಜ. ಭಾವ ಎರಡು ಮಾತು ಜಗ್ಗಿದರು, ಆಮೇಲೆ ಒಪ್ಪಿದರು. ಕಪ್ಪು ಬೀಜ ಇದೆ, ತೇವ ಜಾಸ್ತಿ ಇದೆ ಅಂತ ಮುಖದ ಮೇಲೆ ಹೇಳಿದರೂ ಯಾರಿಗೂ ಅವಮಾನ ಆಗಲಿಲ್ಲ. ವರ್ಷವಿಡೀ ಬೆವರು ಸುರಿಸಿ ಬೆಳೆದದ್ದರ ಕೊರತೆಯನ್ನು ಇಷ್ಟು ಸಲೀಸಾಗಿ ಎಣಿಸಿ ಒಪ್ಪಿಕೊಳ್ಳುವ ಜನ ನಾವು. ಒಂದು ಆಟದ ಡಬ್ಬದ ಮುಂದೆ ಮಾತ್ರ ಯಾಕೆ ಮುಖ ಕೆಂಪಾಗಬೇಕು?

ಹಳೇದು ಅನ್ನೋದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಕೊಡಗಿನಲ್ಲಿ ಹಳೇ ಜೀಪಿಗೆ ಇರುವ ಮರ್ಯಾದೆ ಹೊಸ ಕಾರಿಗೂ ಇಲ್ಲ. ಯಾರಿಂದ ಕೊಂಡದ್ದು, ಎಷ್ಟನೇ ಇಸವಿಯದ್ದು, ಇಂಜಿನ್ ಬಿಚ್ಚಿದ್ದಾರಾ ಅಂತ ಮದುವೆ ಮನೆಯಲ್ಲೂ ಮಾತಾಡುತ್ತಾರೆ. ನಾವು ಶಾಲೆಯಲ್ಲಿದ್ದಾಗ ಪರೀಕ್ಷೆ ಮುಗಿದ ವಾರವೇ ಪುಸ್ತಕ ಅರ್ಧ ಬೆಲೆಗೆ ಕೆಳಗಿನ ಕ್ಲಾಸಿನವರಿಗೆ ಹೋಗುತ್ತಿತ್ತು. ಹಾಳೆ ಹರಿದಿದ್ದರೆ ಕಾಲು ಬೆಲೆ. ಹತ್ತು ವರ್ಷದ ಮಕ್ಕಳು ನಾವು, ಎಷ್ಟು ಚೊಕ್ಕವಾಗಿ ವ್ಯಾಪಾರ ಮಾಡುತ್ತಿದ್ದೆವು!

ಬೆಳೆದ ಮೇಲೆ ಅದು ಎಲ್ಲಿ ಹೋಯಿತೋ. ಈಗ ಮನೆಯ ಸಣ್ಣ ಸಾಮಾನಿಗೆ ಎರಡೇ ದಾರಿ. ನೆಂಟರ ಮಕ್ಕಳಿಗೆ ಸುಮ್ನೆ ಕೊಡುವುದು, ಇಲ್ಲದಿದ್ದರೆ ಅಟ್ಟಕ್ಕೆ ಹಾಕುವುದು. ಅಟ್ಟಕ್ಕೆ ಹೋದದ್ದು ಗುಜರಿಯವನು ಬಂದ ದಿನ ಕೆಳಗೆ ಬರುತ್ತದೆ, ತೂಕದ ಲೆಕ್ಕದಲ್ಲಿ. ಆ ಸಲ ನಾನೇ ಹತ್ತಿ ನೋಡಿದೆ. ಚೆಸ್ ಬೋರ್ಡ್ ಎರಡು, ಮಾನೊಪೊಲಿ ಒಂದು, ಸ್ಕ್ರ್ಯಾಬಲ್ ಒಂದು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ನಮ್ಮಲ್ಲೂ ಶೀತಕ್ಕೇನು ಕಡಿಮೆ ಇಲ್ಲ. ಮಾನೊಪೊಲಿ ಬೋರ್ಡ್ ಊದಿ ಹಪ್ಪಳದ ಹಾಗೆ ಎದ್ದಿತ್ತು. ನೋಟುಗಳಿಗೆ ಬೂಷ್ಟು. ಸ್ಕ್ರ್ಯಾಬಲ್ ಅಕ್ಷರಗಳನ್ನು ಕಣದ ಬಿಸಿಲಿಗೆ ಹರಡಿ ಎಣಿಸಿದೆ. ನೂರಕ್ಕೆ ನೂರೂ ಇತ್ತು. ಹದಿನೈದು ವರ್ಷ ಯಾವ ಮಗುವೂ ಮುಟ್ಟದೆ ನೂರೂ ಹಾಗೇ ಇತ್ತು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಮೇ ಕೊನೆಗೆ ಮಳೆ ಹಿಡಿದರೆ ನಮ್ಮ ಮಕ್ಕಳು ಒಳಗೇ. ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ, ಕರೆಂಟ್ ಇರುವುದಿಲ್ಲ, ಮೊಬೈಲ್ ಚಾರ್ಜ್ ಮುಗಿದಿರುತ್ತದೆ. ಆಟ ಆಡಲು ಇದಕ್ಕಿಂತ ಒಳ್ಳೆಯ ಸೀಮೆ ಯಾವುದಿದೆ ಹೇಳಿ. ಹೋಂಸ್ಟೇಗಳಲ್ಲಿ ಮಳೆಗೆ ಸಿಕ್ಕಿಬಿದ್ದ ಪ್ರವಾಸಿಗಳೂ ಕಿಟಕಿ ನೋಡುತ್ತಾ ಕೂತಿರುತ್ತಾರೆ. ಮಡಿಕೇರಿಯ ಯಾವುದಾದರೂ ಸ್ಟೇಷನರಿ ಅಂಗಡಿಯವರು ಒಂದು ಕಪಾಟು ಬಿಟ್ಟುಕೊಟ್ಟರೆ ಸಾಕು. ಶುಕ್ರವಾರ ಸಂತೆಗೆ ಬಂದವರು ಒಂದು ಆಟ ಕೊಟ್ಟು ಇನ್ನೊಂದು ಒಯ್ಯಬಹುದು. ಎಣಿಸುವುದು, ಚೀಟಿ ಬರೆಯುವುದು, ಇಷ್ಟೇ ಕೆಲಸ.

ನಾಟಿಂಗ್‌ಹ್ಯಾಮ್ ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಇನ್ನೊಂದು ನಡೆಯುತ್ತದೆ. ದುಡ್ಡೇ ಇಲ್ಲದ ವಿನಿಮಯ. ನನ್ನ ಹತ್ತಿರ ಇದು ಇದೆ, ಇಂಥಿಂಥ ಆಟ ಸಿಕ್ಕರೆ ಕೊಡುತ್ತೇನೆ ಅಂತ ಎಲ್ಲರೂ ಪಟ್ಟಿ ಕೊಡುತ್ತಾರೆ. ಕಂಪ್ಯೂಟರ್ ಅದನ್ನೆಲ್ಲ ಸರಪಳಿ ಹಾಗೆ ಜೋಡಿಸುತ್ತದೆ. ನನ್ನದು ನಿಮಗೆ, ನಿಮ್ಮದು ಮತ್ತೊಬ್ಬರಿಗೆ, ಅವರದು ನನಗೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಗದ್ದೆಯ ಮುಯ್ಯಾಳು. ಇವತ್ತು ಅವರ ನಾಟಿಗೆ ನಾವು, ನಾಳೆ ನಮ್ಮದಕ್ಕೆ ಅವರು. ಇಷ್ಟು ಹತ್ತಿರದ ವಿಷಯ ನಮ್ಮವರಿಗೆ ಪರಕೀಯ ಅನಿಸಬಾರದಲ್ವಾ?

ಇಷ್ಟೆಲ್ಲ ಅಕ್ಕನಿಗೆ ಹೇಳಿದೆ. ಜಗಳವೇ ಆಯಿತು ಅನ್ನಿ. ಅವಳು ಕೇಳಿ ಕೇಳಿ ಕೊನೆಗೆ ಒಂದೇ ಮಾತು ಅಂದಳು. ‘ನೀನು ಹುಡುಗ, ನಿನಗೆ ಹೊಸ ಚಡ್ಡಿ ಹೊಲಿಸ್ತಿದ್ರು.’

ಆಮೇಲೆ ನನಗೆ ಮಾತು ಬರಲಿಲ್ಲ. ಹೌದು, ಅಕ್ಕ ಹಾಕುತ್ತಿದ್ದದ್ದು ಅಪ್ಪನ ದೊಡ್ಡಪ್ಪನ ಮನೆಯಿಂದ ಬರುತ್ತಿದ್ದ ಬಟ್ಟೆ. ಮಡಿಕೇರಿಯಲ್ಲಿದ್ದರು, ಅನುಕೂಲವಂತರು. ವರ್ಷಕ್ಕೊಮ್ಮೆ ಒಂದು ಗಂಟು ಬರುತ್ತಿತ್ತು. ಒಂದು ಮದುವೆಯಲ್ಲಿ ಆ ಮನೆಯ ಹುಡುಗಿ ಎಲ್ಲರ ಮುಂದೆ ‘ಅದು ನನ್ನ ಫ್ರಾಕು’ ಅಂದಿದ್ದಳಂತೆ. ನನಗೆ ನೆನಪೇ ಇರಲಿಲ್ಲ. ಅಕ್ಕ ಮರೆತಿಲ್ಲ. ಹಳೇದು ಅಂದರೆ ಅವಳಿಗೆ ಆ ಮದುವೆ ಮನೆ.

ಅಂಗಡಿಯ ಕೌಂಟರಿನಲ್ಲಿ ಈ ನೋವು ಹುಟ್ಟುವುದೇ ಇಲ್ಲ, ಯಾಕೆಂದರೆ ಅಲ್ಲಿ ಕೊಡುವವರೂ ಕೊಳ್ಳುವವರೂ ಒಬ್ಬರಿಗೊಬ್ಬರು ಗೊತ್ತಿಲ್ಲ. 18 ಪೌಂಡ್ ಕೊಟ್ಟೆ, ಋಣ ತೀರಿತು. ಆದರೆ ನಾನು ಆ ಡಬ್ಬವನ್ನು ಮನೆಗೆ ತಂದು ಕೊಟ್ಟದ್ದು ಉಡುಗೊರೆ ಅಂತ. ನಮ್ಮಲ್ಲಿ ಉಡುಗೊರೆಗೆ ಬೇರೆಯೇ ಲೆಕ್ಕ. ಇದನ್ನು ಒಪ್ಪಿಕೊಳ್ಳಲು ನನಗೆ ತಿಂಗಳುಗಟ್ಟಲೆ ಬೇಕಾಯಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಪ್ಪನ ಕೇರಂ ಬೋರ್ಡ್ ಇತ್ತು. ಗಣೇಶನ ಹಬ್ಬಕ್ಕೆ ಊರ ಹುಡುಗರು ಕೇಳಿ ಒಯ್ದರೆ ಆರು ತಿಂಗಳು ವಾಪಸ್ ಬರುತ್ತಿರಲಿಲ್ಲ. ಬಂದಾಗ ಬಿಳಿ ಕಾಯಿ ಎಂಟೇ ಇರುತ್ತಿತ್ತು, ಒಂಬತ್ತನೆಯದಕ್ಕೆ ಶರ್ಟಿನ ದೊಡ್ಡ ಗುಂಡಿ. ಅಪ್ಪ ಎಣಿಸುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಬೋರ್ಡಿನ ಜೊತೆಗೆ ಆ ಹುಡುಗರೂ ಬರುತ್ತಿದ್ದರು, ಬೋರಿಕ್ ಪೌಡರ್ ಹಾಕಿ ಕತ್ತಲಾಗುವವರೆಗೆ ಆಡುತ್ತಿದ್ದರು, ಅಮ್ಮ ಕಾಫಿ ಮಾಡಿ ಮಾಡಿ ಸುಸ್ತಾಗುತ್ತಿದ್ದಳು. ನಾಟಿಂಗ್‌ಹ್ಯಾಮ್‌ನಲ್ಲಿ ನನ್ನ ಕಪಾಟಿನಲ್ಲಿ ಮೂವತ್ತು ಆಟ ಇದೆ, ಒಂದರಲ್ಲೂ ಒಂದು ಕಾಯಿ ಕಡಿಮೆ ಇಲ್ಲ. ನಾಲ್ಕು ಜನ ಸೇರಿಸಬೇಕಾದರೆ ಮೂರು ವಾರ ಮೊದಲೇ ದಿನ ಕೇಳಬೇಕು. ಪಕ್ಕದ ಮನೆಯವರಿಗೆ ಒಮ್ಮೆ ಒಂದು ಆಟ ಸುಮ್ನೆ ಕೊಡಲು ಹೋದೆ. ಅವರು ಗಲಿಬಿಲಿಯಾಗಿ ಬೇಡ ಅಂದರು. ಎಷ್ಟಾಗುತ್ತೆ ಅಂತ ಕೇಳಿದರು.

ಆದರೂ ಆ ಸ್ಕ್ರ್ಯಾಬಲ್ ಅಟ್ಟದಲ್ಲಿ ಕೊಳೆತದ್ದು ತಪ್ಪೇ. ಅದರಲ್ಲಿ ನನಗೆ ಎರಡು ಮಾತಿಲ್ಲ.

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. ಮಳೆ ರಜೆ, ಹಿಂದೆ ಹಂಚಿನ ಮೇಲೆ ಮಳೆಯ ಸದ್ದು. ಟಿಕೆಟ್ ಟು ರೈಡ್ ಆಡಿ ಆಡಿ ಮುಗಿದಿದೆಯಂತೆ. ಮುಚ್ಚಳದ ಒಳಗೆ ಆ ಇಂಗ್ಲಿಷ್ ಮನೆಯವರ ಪಟ್ಟಿಯ ಕೆಳಗೆ ಇವರದೂ ಬರೆದಿದ್ದಾನಂತೆ, ಭಾವನೇ ಜಾಸ್ತಿ ಸಲ ಗೆದ್ದಿದ್ದಾರೆ. ಕೆಂಪು ರೈಲು ಇನ್ನೊಂದು ಕಳೆದಿದೆ. ಚೀಟಿಯಲ್ಲಿ 2 ಹೊಡೆದುಹಾಕಿ 3 ಮಾಡಿದ್ದಾನೆ.

‘ಮಾವ, ನನ್ನ ಕ್ಲಾಸಿನವನೊಬ್ಬ ಕೇಳ್ತಿದ್ದಾನೆ. ಎಷ್ಟಕ್ಕೆ ಕೊಡಬಹುದು?’

ನಾನು ಲೆಕ್ಕ ಹಾಕತೊಡಗಿದೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು. ‘ದುಡ್ಡು ಗಿಡ್ಡು ಕೇಳ್ಬೇಡ, ಸುಮ್ನೆ ಕೊಡು. ಆಡೋಕೆ ಇಲ್ಲಿಗೇ ಬರ್ಲಿ ಅನ್ನು.’