ಆಪರೇಷನ್‌ಗೆ ಮಾತ್ರ ಹಣ ಕೇಳಬೇಡಿ

ಫಾಸ್ಟರ್ ನಾಯಿಗೆ, ಅಂದರೆ ಬೇರೆ ಮನೆ ಸಿಗುವವರೆಗೆ ನಾವು ಸಾಕಿಕೊಂಡ ನಾಯಿಗೆ, ಗಾಡಿ ಗುದ್ದಿ ತೊಡೆಮೂಳೆ ಮುರಿದರೆ ಸಂಜೆಯೊಳಗೆ ಪೋಸ್ಟ್ ಬರುತ್ತದೆ: ರಕ್ತದ ಫೋಟೋ, ಯುಪಿಐ ನಂಬರ್, "ಅರ್ಜೆಂಟ್, ಆಪರೇಷನ್‌ಗೆ ಇಷ್ಟು ಬೇಕು". ಕೇಳುವವರ ಸಂಕಟ ನಿಜವೇ. ಆದರೆ ಆ ದುಡ್ಡು ಆಪರೇಷನ್ ದಿನವೇ ಖಾಲಿಯಾಗುತ್ತದೆ. ಆಮೇಲಿನ ಎರಡು ತಿಂಗಳಿಗೆ ಏನೂ ಉಳಿಯುವುದಿಲ್ಲ, ಎರಡನೇ ಸಲ ಕೇಳಿದರೆ ಜನ ಕೊಡುವುದೂ ಕಷ್ಟ. ಆದ್ದರಿಂದ ನಾಯಿ ಕಾಲೂರಿ ನಡೆಯುವವರೆಗಿನ ಲೆಕ್ಕ ಹಾಕಿಯೇ ಹಣ ಕೇಳಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಎಸ್ಟಿಮೇಟ್ ಬರೆಸಿಕೊಳ್ಳಿ. ಎಕ್ಸ್‌ರೇ, ರಕ್ತ ಪರೀಕ್ಷೆ, ಅರಿವಳಿಕೆ, ಪ್ಲೇಟು-ಸ್ಕ್ರೂ ಅಥವಾ ಪಿನ್ನು, ಸರ್ಜನ್ ಫೀಸು, ವಾರ್ಡು ಎಲ್ಲಕ್ಕೂ ಬೇರೆ ಬೇರೆ ಸಾಲು ಇರಲಿ. ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್ ಅದರಲ್ಲಿಲ್ಲದಿದ್ದರೆ ಯಾಕೆ ಅಂತ ಕೇಳಿ. ಎದೆ-ಹೊಟ್ಟೆಯ ನಡುವಿನ ಪರದೆ (ವಪೆ) ಹರಿದಿದ್ದರೆ, ಮೂತ್ರಕೋಶ ಒಡೆದಿದ್ದರೆ ಕಾಲಿನ ಸರದಿ ಆಮೇಲೆ. ಬೀದಿಯಿಂದ ಬಂದ ನಾಯಿಗಳಲ್ಲಿ ಉಣ್ಣೆಜ್ವರ (ಟಿಕ್ ಫೀವರ್) ಸಾಮಾನ್ಯ. ಅದರಿಂದ ಪ್ಲೇಟ್‌ಲೆಟ್ ಇಳಿದಿದ್ದರೆ ರಕ್ತ ನಿಲ್ಲುವುದಿಲ್ಲ, ಹಾಗಾಗಿ ಔಷಧಿ ಕೊಟ್ಟು ಆಪರೇಷನ್ ಮುಂದೂಡುತ್ತಾರೆ. ಈ ಖರ್ಚು ಯಾವ ಪೋಸ್ಟಿನಲ್ಲೂ ಕಾಣುವುದಿಲ್ಲ!

ಎರಡನೇ ಡಾಕ್ಟರಿಗೂ ಎಕ್ಸ್‌ರೇ ತೋರಿಸಿ. ಸೊಂಟದ ಮೂಳೆಯ ಎಷ್ಟೋ ಬಿರುಕುಗಳು ಪಂಜರದ ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತವೆ. ಮೂಳೆ ಪುಡಿಪುಡಿಯಾಗಿ ಗಾಯ ಕೊಳೆತಿದ್ದರೆ ಕಾಲು ತೆಗೆಸುವುದೇ ಒಳ್ಳೆಯದಾಗಬಹುದು. ಮೂರು ಕಾಲಿನಲ್ಲಿ ನಾಯಿಗಳು ಚೆನ್ನಾಗಿ ಓಡಾಡುತ್ತವೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅಲ್ಲೂ ವಿಚಾರಿಸಿ. ಹಾಗಂತ ವಾರಗಟ್ಟಲೆ ತಡಮಾಡಬೇಡಿ. ಮರಿಗಳ ಮೂಳೆ ಬೇಗ ವಕ್ರವಾಗಿ ಕೂಡಿಕೊಂಡುಬಿಡುತ್ತದೆ.

ಇನ್ನು ಆಪರೇಷನ್ ಆದಮೇಲಿನ ಖರ್ಚು. ಆರರಿಂದ ಎಂಟು ವಾರ ಪಂಜರ, ಗಾಯ ನೆಕ್ಕದಂತೆ ಕುತ್ತಿಗೆಗೆ ಕೋನ್, ಆಂಟಿಬಯಾಟಿಕ್ಕು, ನೋವಿನ ಔಷಧಿ, ಡ್ರೆಸ್ಸಿಂಗ್, ಮತ್ತೆ ಎಕ್ಸ್‌ರೇ, ಪಿನ್ ಹಾಕಿದ್ದರೆ ತೆಗೆಸುವ ಖರ್ಚು. ಪಂಜರ ಕೊಳ್ಳಲು ದುಡ್ಡಿಲ್ಲದೆ ನಾಯಿಯನ್ನು ನಡುಮನೆಯಲ್ಲಿ ಬಿಟ್ಟರೆ ಅದು ಸೋಫಾ ಹತ್ತಿ ಇಳಿಯುತ್ತದೆ, ಒಳಗಿನ ಪಿನ್ನು ಜಾರುತ್ತದೆ. ಸೊಂಟದ ಪಕ್ಕ ಚರ್ಮದ ಕೆಳಗೆ ಕಡಲೆಕಾಳಿನಷ್ಟು ಗಂಟು ಎದ್ದು, ಮುಟ್ಟಿದರೆ ಒಳಗೆ ಗಟ್ಟಿ ತುದಿ ಸಿಕ್ಕಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಮರಿಗಳಿಗೆ ಫಿಸಿಯೋಥೆರಪಿ ತಪ್ಪಿದರೆ ತೊಡೆಯ ಸ್ನಾಯು ಬಿಗಿದು ಮೊಣಕಾಲು ಮಡಚದೆ ಸೆಟೆದುಹೋಗುತ್ತದೆ. ಒಂದು ಸಲ ಹಾಗಾದರೆ ಸರಿಮಾಡುವುದು ತುಂಬಾ ಕಷ್ಟ, ಪ್ಲೇಟು ಎಷ್ಟು ಚೆನ್ನಾಗಿ ಕೂತಿದ್ದರೂ ಪ್ರಯೋಜನವಿಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಹಣ ಆದಷ್ಟು ನೇರ ಆಸ್ಪತ್ರೆಯ ಖಾತೆಗೇ ಹೋಗಲಿ. ಕೊಟ್ಟವರು ಸ್ಕ್ರೀನ್‌ಶಾಟ್ ನಿಮಗೆ ಕಳಿಸಲಿ, ಬಿಲ್ಲಿನಲ್ಲಿ ಜಮಾ ಆಗಿದೆಯೇ ಅಂತ ನೀವು ತಾಳೆ ನೋಡಿ. ಸಂಬಂಧಿಕರಲ್ಲದವರಿಂದ ನಿಮ್ಮ ಖಾತೆಗೆ ಉಡುಗೊರೆಯಾಗಿ ಬಂದ ಹಣ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತವೇ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ದಾನಕ್ಕೆ ತೆರಿಗೆ ರಿಯಾಯಿತಿ ಸಿಗುವ 80ಜಿ ರಸೀದಿ ಬೇಕೆನ್ನುವವರಿಗೆ ಅದನ್ನು ಕೊಡುವ ನೋಂದಣಿ ಪಡೆದ ಸಂಸ್ಥೆಯ ಮೂಲಕವೇ ಹಣ ಬರಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಆ ರಿಯಾಯಿತಿ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಕನ್ನಡಿಗ ಸ್ನೇಹಿತರು ಕಳಿಸುವ ಹಣಕ್ಕೆ ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ನಿಯಮ ಅಡ್ಡ ಬರುತ್ತದೆ. ಅದನ್ನು ನಿಮ್ಮ ಖಾತೆಗೆ ಹಾಕಿಸಿಕೊಳ್ಳುವ ಮೊದಲು ಆಡಿಟರನ್ನು ಕೇಳಿ.

ಪೋಸ್ಟಿನಲ್ಲಿ ಎಕ್ಸ್‌ರೇ, ಎಸ್ಟಿಮೇಟ್, ನಾಯಿಯ ಮುಖ ಕಾಣುವ ಒಂದು ಫೋಟೋ ಸಾಕು. ಫೋಟೋ ಮೇಲೆ ತಾರೀಖು, ನಾಯಿಯ ಹೆಸರು ಬರೆಯಿರಿ, ಇಲ್ಲದಿದ್ದರೆ ಅದನ್ನೇ ಕದ್ದು ಬೇರೆ ಖಾತೆಗೆ ದುಡ್ಡು ಎತ್ತುವವರಿದ್ದಾರೆ. ಬೇಕಾದಷ್ಟು ಸೇರಿದ ತಕ್ಷಣ "ಹಣ ಸಾಕು, ದಯವಿಟ್ಟು ಕಳಿಸಬೇಡಿ" ಅಂತ ಮೇಲಿನ ಸಾಲಿಗೇ ಸೇರಿಸಿ. ನಾಯಿ ಉಳಿಯದಿದ್ದರೆ ಅಥವಾ ದುಡ್ಡು ಮಿಕ್ಕರೆ ಅದು ಯಾವ ನಾಯಿಯ ಯಾವ ಬಿಲ್ಲಿಗೆ ಹೋಗುತ್ತದೆ, ವಾಪಸ್ ಬೇಕಾದವರು ಎಷ್ಟು ದಿನದೊಳಗೆ ಕೇಳಬೇಕು ಅನ್ನುವುದನ್ನೂ ಮೊದಲ ದಿನದ ಪೋಸ್ಟಿನಲ್ಲೇ ಬರೆದುಬಿಡಿ.