ಇನ್ನೆರಡು ಬಿಸಿಲು

ವಿಂಟರ್ ಬ್ರೇಕ್ ಅನ್ನೋ ಪದ ನಂಗೆ ಕಾಲೇಜಿಗೆ ಸೇರೋವರೆಗೂ ಗೊತ್ತೇ ಇರ್ಲಿಲ್ಲ. ಸೋಮವಾರಪೇಟೆ ಕಡೆ ಬೆಳೆದವರಿಗೆ ಗೊತ್ತಿರೋದು ದಸರಾ ರಜೆ, ಬೇಸಿಗೆ ರಜೆ, ಇವೆರಡಕ್ಕಿಂತ ರುಚಿಯಾದ ಮಳೆ ರಜೆ. ಜುಲೈನಲ್ಲಿ ಬೆಳಗ್ಗೆ ಯೂನಿಫಾರ್ಮ್ ಹಾಕ್ಕೊಂಡು, ಒಂದು ಸಾಕ್ಸ್ ಏರಿಸಿ ಇನ್ನೊಂದನ್ನ ಕೈಲಿ ಹಿಡ್ಕೊಂಡು ಕೂತಿರುವಾಗ ಡಿಸಿ ರಜೆ ಕೊಟ್ರಂತೆ ಅಂತ ಪಕ್ಕದ ಮನೆಯಿಂದ ಕೂಗು ಬರೋದು ನೋಡಿ, ಆ ಖುಷಿ ಯಾವ ಅಕಾಡೆಮಿಕ್ ಕ್ಯಾಲೆಂಡರಿನ ರಜೆಗೂ ಇಲ್ಲ. ಆದ್ರೆ ಚಳಿಗೆ ಅಂತ ಯಾರೂ ರಜೆ ಕೊಟ್ಟೋರಲ್ಲ. ಚಳಿಗಾಲ ಅಂದ್ರೆ ಇಲ್ಲಿ ಕಾಫಿ ಕುಯ್ಲು, ವರ್ಷದಲ್ಲಿ ಎಲ್ಲರಿಗೂ ಜಾಸ್ತಿ ಕೆಲಸ ಇರೋ ಟೈಮು.

ಅಂಥಾ ಟೈಮಿಗೆ ಸರಿಯಾಗಿ ನನ್ನನ್ನ ಮನೆಗೆ ಕಳಿಸ್ತಾರೆ.

ಮೈಸೂರಿನ ಹಾಸ್ಟೆಲ್‌ನಲ್ಲಿ ಬ್ಯಾಗ್ ತುಂಬ್ತಿದ್ರೆ ರೂಮ್‌ಮೇಟ್‌ಗೆ ಹೊಟ್ಟೆಕಿಚ್ಚು. 'ನೀನೇನಮ್ಮಾ, ನಾವೆಲ್ಲ ದುಡ್ಡು ಕೊಟ್ಟು ಹೋಗೋ ಜಾಗದಲ್ಲೇ ನಿನ್ ಮನೆ ಇದೆ, ನಾನೂ ಬರ್ತೀನಿ, ಟ್ರೈನ್ ಎಷ್ಟೊತ್ತಿಗೆ?' ಅಂದ್ಲು. ಕೊಡಗಲ್ಲಿ ರೈಲೇ ಇಲ್ಲ ಕಣೇ ಅಂದ್ರೆ ನಂಬೋಕೇ ರೆಡಿ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ ದಾಟಿ ಕೊಪ್ಪದ ಹತ್ರ ಕಾವೇರಿ ಸೇತುವೆ ಬರುತ್ತೆ, ಅದು ದಾಟಿದ್ರೆ ಕುಶಾಲನಗರ, ಅಲ್ಲಿಗೆ ಮೈಸೂರು ಜಿಲ್ಲೆ ಮುಗೀತು. ಅಲ್ಲೇ ನಾನು ಕಿಟಕಿ ಎಳ್ದು ಸ್ವೆಟರ್ ಹಾಕ್ಕೊಳ್ಳೋದು. ನಿಜವಾಗ್ಲೂ ಚಳಿ ಜಾಸ್ತಿ ಆಗುತ್ತಾ ಅಥವಾ ಸೇತುವೆ ನೋಡಿದ್ ಕೂಡ್ಲೇ ಮೈಗೆ ಅಭ್ಯಾಸಬಲದಿಂದ ನಡುಕ ಬರುತ್ತಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಅಲ್ಲಿಂದ ಟೂರಿಸ್ಟ್ ಕಾರುಗಳೆಲ್ಲ ಸಾಲಾಗಿ ಮಡಿಕೇರಿ ಕಡೆಗೆ, ರಾಜಾಸೀಟು ಮಾಂದಲಪಟ್ಟಿ ಅಂತ. ನಮ್ಮ ಬಸ್ಸು ಬಲಕ್ಕೆ, ಕೆಲಸದ ಕಡೆಗೆ.

ಮನೆಗೆ ಹೋಗಿ ಬ್ಯಾಗ್ ಇಳಿಸಿ ಎರಡು ಅಕ್ಕಿ ರೊಟ್ಟಿ ಅವರೆಕಾಳು ಸಾರು ತಿನ್ನೋಷ್ಟು ಹೊತ್ತು ಮಾತ್ರ ನಾನು ಅತಿಥಿ. ಆಮೇಲೆ ಅಪ್ಪ 'ಪುಟ್ಟಿ, ಸ್ವಲ್ಪ ಕಣ ನೋಡ್ಕೋ' ಅಂತಾರೆ. ಆ 'ಸ್ವಲ್ಪ' ಮುಗಿಯೋದು ನಾನು ವಾಪಸ್ ಬಸ್ ಹತ್ತೋ ದಿನ.

ಕಣ ನೋಡ್ಕೊಳ್ಳೋದು ಅಂದ್ರೆ ಏನು ಅಂತ ರೂಮ್‌ಮೇಟ್‌ಗೆ ಹೇಳಿ ಸಾಕಾಗಿದೆ. ನಮ್ದು ಸಣ್ಣ ತೋಟ, ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಮೆಷಿನ್ ಇಲ್ಲ, ಹಾಗಾಗಿ ಹಣ್ಣನ್ನ ಹಾಗೇ ಒಣಗಿಸಿ ಚೆರ್ರಿ ಮಾಡಿ ಮಾರೋದು. ಕುಯ್ದ ಹಣ್ಣನ್ನ ತೆಳ್ಳಗೆ ಹರಡಬೇಕು, ಬಿಸಿಲೇರಿದ ಮೇಲೆ ಗಂಟೆಗೊಂದ್ಸಲ ಕೆದಕಿ ಮಗುಚಬೇಕು, ಇಲ್ಲಾಂದ್ರೆ ಅಡಿಯಲ್ಲಿರೋದು ಬೂಸಲು ಹಿಡಿಯುತ್ತೆ. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಬೇಕು, ಯಾಕಂದ್ರೆ ರಾತ್ರಿ ಬೀಳೋ ಇಬ್ಬನಿ ಹಗಲೆಲ್ಲ ಒಣಗಿಸಿದ್ದನ್ನ ಮತ್ತೆ ನೆನೆಸಿಡುತ್ತೆ. ಬೆಳಗ್ಗೆ ಬಿಚ್ಚಬೇಕು, ಹರಡಬೇಕು. ಬಿಸಿಲು ಚೆನ್ನಾಗಿದ್ರೆ ಹೀಗೇ ಹನ್ನೆರಡು ಹದಿನೈದು ದಿನ. ಮೊದಲ ದಿನ ಕೆಂಪು, ಆಮೇಲೆ ಕಂದು, ಕೊನೆಗೆ ಕಪ್ಪು, ಒಣದ್ರಾಕ್ಷಿ ಥರ. ನಾನೂ ಹೆಚ್ಚುಕಮ್ಮಿ ಅದೇ ಬಣ್ಣಕ್ಕೆ ತಿರುಗಿರ್ತೀನಿ. ರಜೆ ಮುಗಿಸಿ ಹೋದಾಗ 'ಗೋವಾಗೆ ಹೋಗಿದ್ಯಾ?' ಅಂತ ಕೇಳೋರಿದ್ದಾರೆ.

ಎರಡು ಸಲ ಕೆದಕೋದರ ಮಧ್ಯೆ ಒಂದು ಗಂಟೆ ಸಿಗುತ್ತಲ್ಲ, ಅದಕ್ಕೇ ಅಂತ ನಾನು ಪ್ರತಿ ಸಲ ಮೂರು ಪುಸ್ತಕ ಹೊತ್ಕೊಂಡು ಬರೋದು, ಬಂದ ಹಾಗೇ ವಾಪಸ್ ಹೊತ್ಕೊಂಡು ಹೋಗೋದು. ಕಣದ ಕಟ್ಟೆ ಮೇಲೆ ಕೂತ್ರೆ ಓದೋಕೆ ಆಗಲ್ಲ. ಬಿಸಿಲಿಗೆ ಬೆನ್ನು ಕೊಟ್ಟು ಕೂತಿರೋದೇ ಒಂದು ಫುಲ್‌ಟೈಮ್ ಕೆಲಸ. ಹಣ್ಣಿನ ಹುಳಿ ವಾಸನೆ, ನಾಯಿ ಬಂದು ಬೆಚ್ಚಗಿರೋ ಕಾಫಿ ಮೇಲೇ ಮಲಗೋದು, ಅದನ್ನ ಓಡಿಸೋದು, ಅದು ಇನ್ನೊಂದು ಮೂಲೆಯಿಂದ ಬರೋದು. ಫೋನಲ್ಲಿ ನೆಟ್‌ವರ್ಕ್ ಒಂದು ಕಡ್ಡಿ, ಅದೂ ಪೇರಳೆ ಮರದ ಕೆಳಗೆ ನಿಂತ್ರೆ. ಅಲ್ಲಿ ನಿಂತು ಇನ್‌ಸ್ಟಾ ತೆಗೆದ್ರೆ ನನ್ನ ಕ್ಲಾಸಿನ ಅರ್ಧ ಜನ ಮಡಿಕೇರಿ ಮಂಜಲ್ಲಿ ಕಪ್ ಹಿಡ್ಕೊಂಡು ಫೋಟೋ ಹಾಕಿರ್ತಾರೆ. ಇಲ್ಲಿ ನಾವು ಕುಡಿಯೋದು ಬೆಲ್ಲದ ಕರಿ ಕಾಫಿ, ಅದೂ ಮಾರೋಕೆ ಬರದ ಜೊಳ್ಳು ಕಾಳಿನ ಪುಡಿದು. ಒಳ್ಳೆ ಕಾಳೆಲ್ಲ ಮೂಟೆ ಸೇರುತ್ತೆ. ರುಚಿಯೇನೋ ಚೆನ್ನಾಗೇ ಇರುತ್ತಪ್ಪ, ಅಥವಾ ನಂಗೆ ಬೇರೆ ರುಚಿ ಗೊತ್ತಿಲ್ಲ.

ಅಜ್ಜಿಗೆ ಈಗಿನವರ ಅವಸರ ಕಂಡ್ರೆ ನಗು. ಆಗೆಲ್ಲ ಕಾಫಿನ ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕಿತ್ತಂತೆ, ಹೊರಗೆ ಮಾರೋ ಹಾಗಿರ್ಲಿಲ್ಲ, ದುಡ್ಡೋ ಕಂತು ಕಂತಾಗಿ ಬರೋದು. 1990ರ ದಶಕದಲ್ಲಿ ಅದೆಲ್ಲ ಹೋಗಿ ಯಾರಿಗೆ ಬೇಕಾದ್ರೂ ಮಾರಬಹುದು ಅಂತಾಯ್ತು. ಈಗ ಅಪ್ಪ ದಿನಾ ಬೆಳಗ್ಗೆ ಮೊಬೈಲಲ್ಲಿ ಕಾಫಿ ರೇಟ್ ನೋಡ್ತಾರೆ, ನಾನು ರಿಸಲ್ಟ್ ನೋಡೋ ಮುಖದಲ್ಲೇ.

ರೇಟ್ ಆದ್ಮೇಲೆ ಆಕಾಶ. ಡಿಸೆಂಬರಲ್ಲಿ ಮೋಡ ಕಂಡ್ರೆ ಇನ್‌ಸ್ಟಾದವರಿಗೆ ಖುಷಿ, ನಮ್ಮನೇಲಿ ಯಾರೂ ಸರಿಯಾಗಿ ಊಟ ಮಾಡಲ್ಲ. ಈ ಸಲ ವೆದರ್ ಆಪ್ ಮಳೆ ಇಲ್ಲ ಅಂದಿತ್ತು, ಅಜ್ಜಿಯ ಮಂಡಿನೋವು ಮಳೆ ಇದೆ ಅಂದಿತ್ತು. ನಾನು ಇಂಜಿನಿಯರಿಂಗ್ ಓದ್ತಿರೋಳು, ಆಪ್ ಪರ ವಾದ ಮಾಡ್ದೆ. ರಾತ್ರಿ ಎರಡಕ್ಕೆ ಹಂಚಿನ ಮೇಲೆ ಟಪಟಪ ಅಂತ ಶುರುವಾಯ್ತು ನೋಡಿ, ಅಪ್ಪ ಅಮ್ಮ ನಾನು ಮೂರೂ ಜನ ಕಣಕ್ಕೆ ಓಟ. ನಾನು ಒಂದು ಕಾಲಿಗೆ ನಂದು ಇನ್ನೊಂದಕ್ಕೆ ಅಪ್ಪಂದು ಚಪ್ಪಲಿ ಹಾಕಿದ್ದೆ. ಹೊದಿಸಿದ್ದ ಟಾರ್ಪಾಲ್ ಮೇಲೆ ಇನ್ನೊಂದು ಎಳ್ದು, ಅಂಚಿಗೆಲ್ಲ ಕಲ್ಲು ಇಟ್ಟು, ಒದ್ದೆಯಾಗಿ ಒಳಗೆ ಬಂದ್ರೆ ಅಜ್ಜಿ ಕಂಬಳಿ ಒಳಗಿಂದಾನೇ 'ಆಪಿಗೂ ಒಂದು ಮಂಡಿ ಹಾಕ್ಸು ಮಗಾ' ಅಂದ್ರು.

ಬೆಳಗ್ಗೆ ನೋಡಿದ್ರೆ ಒಂದು ಮೂಲೆ ಮಾತ್ರ ನೆಂದಿತ್ತು. ಅದನ್ನ ಬೇರೆ ತೆಗೆದು ಹರಡಿದ್ವಿ.

ರಜೆ ಮುಗಿಯೋ ಹಿಂದಿನ ದಿನ ಬೆಳಗ್ಗೆ ಅಜ್ಜಿ ಕೋಲೂರಿಕೊಂಡು ಕಣಕ್ಕೆ ಬಂದ್ರು. ಒಂದು ಹಿಡಿ ಚೆರ್ರಿ ತಗೊಂಡು ಕಿವಿ ಹತ್ರ ಕುಲುಕಿದ್ರು. ಸರಿಯಾಗಿ ಒಣಗಿದ್ರೆ ಒಳಗಿನ ಕಾಳು ಗಲಗಲ ಅನ್ನಬೇಕು. ನನ್ನ ಕಿವಿಗೂ ಹಿಡಿದ್ರು, ನಂಗೆ ಗಲಗಲ ಅಂತಾನೇ ಕೇಳಿಸ್ತು. ಅವರು ತಲೆ ಅಲ್ಲಾಡಿಸಿ, 'ಇಲ್ಲ, ಇನ್ನೆರಡು ಬಿಸಿಲು ಬೇಕು' ಅಂದ್ರು.

ನನ್ ಹತ್ರ ಇದ್ದಿದ್ದು ಒಂದೂವರೆ, ಅದರಲ್ಲಿ ಅರ್ಧ ಬಸ್ಸಲ್ಲಿ.